ಎಂ-ಒನ್ (ಇಂಜಿನಿಯರಿಂಗ್ ಮೊದಲ ಸೆಮಿಸ್ಟರಿನ ಗಣಿತ) ಎರಡು ಸಲ ಹೋಗಿದೆ, ಪುಸ್ತಕ ಮುಟ್ಟೋಕೇ ಮನಸ್ಸಿಲ್ಲ. ಓದುವ ಹುಮ್ಮಸ್ಸು ತಂದುಕೊಳ್ಳುವುದು ಹೇಗೆ?

ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸು, ಕನ್ನಡ ಮೀಡಿಯಂ, ಸಿವಿಲ್, 2022ರ ಸ್ಕೀಮು (ಪಠ್ಯಕ್ರಮ), ಮೂರು ಬ್ಯಾಕು (ಫೇಲಾಗಿ ಉಳಿದ ವಿಷಯ) ಅಂತ ಬರೆದಿದ್ದೀರಿ. ಊರೊಂದು ಬದಲಿಸಿದರೆ ನನ್ನದೇ ಜಾತಕ. ನಂದು ಜಗಳೂರು, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮು.

ನಾನು ಫೇಲಾದದ್ದು ಓದದೆ ಅಲ್ಲ. ಓದಿ ಫೇಲಾದೆ. ಸೀನಿಯರ್ ಒಬ್ಬರು ‘ಪಾಸಿಂಗ್ ಪ್ಯಾಕೇಜ್’ ಹೇಳಿಕೊಟ್ಟರು: ಐದು ಮಾಡ್ಯೂಲಿನಲ್ಲಿ (ಪಠ್ಯದ ಭಾಗ) ನಾಲ್ಕು ಮತ್ತು ಐದನೆಯದನ್ನು ಅರೆದು ಕುಡಿ, ಮಿಕ್ಕಿದ್ದು ಬಿಡು. ಎರಡು ಮಾಡ್ಯೂಲಿಗೆ 40, ಪಾಸಾಗೋಕೆ 100ಕ್ಕೆ 35. ಕೇಳಿದಾಗ ಲೆಕ್ಕ ಸರಿಯೇ ಅನ್ನಿಸಿತು. ವಿಟಿಯು ಪೇಪರಿನಲ್ಲಿ ಒಟ್ಟು ಹತ್ತು ಪ್ರಶ್ನೆ, ಮಾಡ್ಯೂಲಿಗೆ ಎರಡರಂತೆ, ಒಂದೊಂದಕ್ಕೂ 20. ಪ್ರತಿ ಮಾಡ್ಯೂಲಿಂದ ಒಂದೇ ಪ್ರಶ್ನೆ ಎಣಿಕೆಗೆ ಬರುತ್ತದೆ. ಮ್ಯಾಥ್ಸಲ್ಲಿ ಆ 20 ಒಡೆಯುವುದು 6, 7, 7 ಅಂತ. ಅಂದರೆ ಎರಡೇ ಮಾಡ್ಯೂಲ್ ನಂಬಿದವನಿಗೆ ತಪ್ಪಲು ಸಿಗುವ ಜಾಗ ಬರೀ 5 ಅಂಕ. ಏಳು ಅಂಕದ ಒಂದು ಲೆಕ್ಕ ಪೂರ್ತಿ ಕೈಕೊಟ್ಟರೆ 33ಕ್ಕೆ ಇಳಿದಿರಿ, ಮುಗೀತು.

ಕೈಕೊಟ್ಟಿದ್ದು ಗಾಸ್-ಸೈಡಲ್, ಅಂದರೆ ಊಹೆಯ ಬೆಲೆಯಿಂದ ಶುರು ಮಾಡಿ ಸಮೀಕರಣಗಳನ್ನು ಸುತ್ತು ಸುತ್ತಾಗಿ ಬಿಡಿಸುವ ವಿಧಾನ. ಬಂದದ್ದು ಇಂಥದ್ದು: 2x − 3y + 20z = 25, 20x + y − 2z = 17, 3x + 20y − z = −18. ಕೊಟ್ಟ ಸಾಲಿನಲ್ಲೇ ಶುರು ಮಾಡಿದೆ. y, z ಸೊನ್ನೆ ಇಟ್ಟರೆ x = 12.5, ಅದನ್ನು ಎರಡನೆಯದಕ್ಕೆ ಹಾಕಿದರೆ y = −233, ಮೂರನೆಯದಕ್ಕೆ ಹಾಕಿದರೆ z = −4604.5. ಕ್ಯಾಲ್ಕುಲೇಟರ್ ಕೆಟ್ಟಿದೆ ಅಂದುಕೊಂಡು ಮೂರು ಸಲ ಒತ್ತಿದೆ! ಮಾಡಬೇಕಿದ್ದದ್ದು ಒಂದೇ ಕೆಲಸ, ಸಾಲು ಅದಲು ಬದಲು. x ಮುಂದೆ 20 ಇರುವುದು ಮೊದಲು, y ಮುಂದೆ 20 ಇರುವುದು ಎರಡನೆಯದು, z ಮುಂದೆ 20 ಇರುವುದು ಕೊನೆಗೆ. ಕರ್ಣದಲ್ಲಿ ದೊಡ್ಡ ಸಂಖ್ಯೆ ಕೂತರೆ ಪ್ರತಿ ಸುತ್ತಲ್ಲೂ ತಪ್ಪು ಕುಗ್ಗುತ್ತದೆ, ಇಲ್ಲದಿದ್ದರೆ ಹೀಗೆ ಹಿಗ್ಗಬಹುದು. ಹಾಗೆ ಮಾಡಿದರೆ ಮೊದಲ ಸುತ್ತಿಗೇ 0.85, −1.0275, 1.0109 ಬರುತ್ತದೆ, ಮೂರನೇ ಸುತ್ತಿಗೆ 1, −1, 1ಕ್ಕೆ ಬಂದು ನಿಲ್ಲುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೋಟ್ಸಲ್ಲಿ ಬಿಡಿಸಿಟ್ಟ ಲೆಕ್ಕವನ್ನು ಹತ್ತು ಸಲ ಓದಿದ್ದೆ, ಒಂದು ಸಲವೂ ಖಾಲಿ ಹಾಳೆಯಲ್ಲಿ ಮಾಡಿರಲಿಲ್ಲ. ನೋಟ್ಸಲ್ಲಿ ಸಾಲುಗಳು ಮೊದಲೇ ಸರಿ ಇದ್ದವು.

ಅಷ್ಟಕ್ಕೇ ನಿಲ್ಲಲಿಲ್ಲ. ಆ ಎರಡು ಮಾಡ್ಯೂಲಿನ ನಾಲ್ಕೂ ಪ್ರಶ್ನೆ ಬರೆದೆ. ಗೊತ್ತಿರುವುದೇ ಅವು, ಇನ್ನೇನು ಬರೆಯಲಿ? ಮೂರು ಗಂಟೆಯನ್ನು ಐದರಿಂದ ಭಾಗಿಸಿದರೆ ಪ್ರಶ್ನೆಗೆ 36 ನಿಮಿಷ. ಲೆಕ್ಕಕ್ಕೇ ಬಾರದ ಎರಡು ಪ್ರಶ್ನೆಗೆ 72 ನಿಮಿಷ ಸುರಿದೆ. ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡಿದಾಗ 18 ಮತ್ತು 13, ಒಟ್ಟು 31. ಬೇಕಿದ್ದದ್ದು ನಾಲ್ಕು. ನಾನು ಬಿಟ್ಟ ಮಾಡ್ಯೂಲಿನಲ್ಲಿದ್ದ ಮೆಕ್ಲಾರಿನ್ ಶ್ರೇಣಿಯ ಸೂತ್ರ ಬರೆದು, ಸೊನ್ನೆಯಲ್ಲಿ ಎರಡು ಡಿರೈವೇಟಿವ್ ಬೆಲೆ ಹಾಕಿದ್ದರೂ ಹಂತದ ಅಂಕ ಬರುತ್ತಿತ್ತು. ಉಳಿದ ಮೂರು ಮಾಡ್ಯೂಲಿನ ಪುಟಗಳು ಬಿಳಿ.

ಅದಾದ ಮೇಲೆ ನನಗೂ ಪುಸ್ತಕ ಕಂಡರೆ ಆಗುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ನೀವು ಕೇಳಿದ ಪ್ರಶ್ನೆ ನನಗೆ ಒಪ್ಪಿಗೆ ಇಲ್ಲ. ಹುಮ್ಮಸ್ಸು ಬಂದ ಮೇಲೆ ಓದೋಣ ಅಂತ ಕಾದವರು ಕಾಯುತ್ತಲೇ ಇರುತ್ತಾರೆ. ಬೆಳಿಗ್ಗೆ ಐದಕ್ಕೆ ಏಳುವ, ಗುರಿ ಬರೆದು ಗೋಡೆಗಂಟಿಸುವ ವಿಡಿಯೋಗಳು ನಿಮ್ಮ ಡೇಟಾ ತಿನ್ನುತ್ತವೆ, ಅಷ್ಟೇ. ಏಳು ಅಂಕದ ಲೆಕ್ಕ ಒಂದನ್ನು ನೋಡದೆ ಬಿಡಿಸಿ ಎದ್ದ ದಿನ ಮಾತ್ರ ಮರುದಿನ ಕೂರಬೇಕು ಅನ್ನಿಸುತ್ತದೆ.

ಹಾಗಾಗಿ ಸುಲಭದ ಲೆಕ್ಕದಿಂದ ಶುರು ಮಾಡಿ. ನ್ಯೂಟನ್ ಕೂಲಿಂಗ್ (ಬಿಸಿ ವಸ್ತು ತಣ್ಣಗಾಗುವ ಲೆಕ್ಕ) ತಗೊಳ್ಳಿ: ಸುತ್ತಲಿನ ಗಾಳಿ 40 ಡಿಗ್ರಿ, ವಸ್ತು 20 ನಿಮಿಷದಲ್ಲಿ 80ರಿಂದ 60ಕ್ಕೆ ಇಳಿದಿದೆ, 40 ನಿಮಿಷಕ್ಕೆ ಎಷ್ಟು? ಗಾಳಿಗಿಂತ ಹೆಚ್ಚಿದ್ದ 40, ಇಪ್ಪತ್ತು ನಿಮಿಷಕ್ಕೆ ಅರ್ಧವಾಗಿ 20 ಆಯಿತು. ಇನ್ನೊಂದು ಇಪ್ಪತ್ತಕ್ಕೆ ಮತ್ತೆ ಅರ್ಧ, 10. ಉತ್ತರ 50. ಮೊದಲು ತಲೆಯಲ್ಲೇ ಉತ್ತರ ತಗೊಂಡು, ಆಮೇಲೆ ಸೂತ್ರ, k (ಸೂತ್ರದಲ್ಲಿನ ಸ್ಥಿರಾಂಕ) ಬೆಲೆ, ಆ ಬೆಲೆ ಸೂತ್ರಕ್ಕೆ ಹಾಕುವುದು, ಉತ್ತರ ಅಂತ ನಾಲ್ಕು ಹಂತದಲ್ಲಿ ಬರೆಯಿರಿ. ದಿನಕ್ಕೆ ಇಂಥವು ಮೂರು ಸಾಕು. ಒಂದು ನಿನ್ನೆಯದೇ ಇರಲಿ, ನೋಟ್ಸ್ ಮುಚ್ಚಿಟ್ಟು.

ಹಳೆಯ ಪೇಪರ್ ಐದಾರು ತೆಗೆದು ಒಂದು ದೊಡ್ಡ ಹಾಳೆಗೆ ಮನೆ ಎಳೆಯಿರಿ, ಅಡ್ಡಕ್ಕೆ ಪೇಪರು, ಉದ್ದಕ್ಕೆ ಮಾಡ್ಯೂಲು. ಯಾವ ವಿಷಯ ಮತ್ತೆ ಮತ್ತೆ ಬಂದಿದೆ ಅನ್ನುವುದು ಅರ್ಧ ಗಂಟೆಯಲ್ಲಿ ಕಾಣುತ್ತದೆ. ಎರಡು ಮಾಡ್ಯೂಲ್ ನಂಬಿದರೆ ಪಾಸಿಗೆ ಅವುಗಳಲ್ಲಿ 87.5 ಶೇಕಡ ಬೇಕು, ಮೂರಕ್ಕೆ 58, ನಾಲ್ಕಕ್ಕೆ 44. ನನ್ನ ಮಾತು ಕೇಳಿದರೆ ನಾಲ್ಕು ಹಿಡಿಯಿರಿ, ಐದನೆಯದರಲ್ಲಿ ಸೂತ್ರಗಳನ್ನಾದರೂ ಕಲಿಯಿರಿ.

ನೀವು 2022ರ ಸ್ಕೀಮಿನವರಾದ್ದರಿಂದ ಇನ್ನೊಂದು. ಇಂಟರ್ನಲ್ 50ಕ್ಕೆ ಕನಿಷ್ಠ 20, ಪರೀಕ್ಷೆಯ 100ನ್ನು 50ಕ್ಕೆ ಇಳಿಸಿದ ಮೇಲೆ 18. ಆದರೆ ಎರಡೂ ಸೇರಿ 40 ಆಗಬೇಕು, 20 ಮತ್ತು 18 ಕೂಡಿದರೆ 38 ತಾನೇ? ನಿಮ್ಮ ಇಂಟರ್ನಲ್ ಬರೀ 20 ಇದ್ದರೆ ಪೇಪರಿನಲ್ಲಿ 35 ಸಾಲದು, 40 ಬೇಕು. ಮೊದಲು ಅದನ್ನು ನೋಡಿಕೊಳ್ಳಿ.

ಮೂರು ಬ್ಯಾಕಲ್ಲಿ ಎಂ-ಒನ್ ಮೊದಲು ತೆಗೆಯಿರಿ. ಅದರಲ್ಲಿ ಇಂಗ್ಲಿಷ್ ಕಡಿಮೆ, ನಮ್ಮಂಥ ಕನ್ನಡ ಮೀಡಿಯಂನವರಿಗೆ ಅದೇ ಹಗುರ. ಹರಿಹರದ ಬಸ್ಸಲ್ಲಿ ಲೆಕ್ಕ ಮಾಡೋಕೆ ಹೋಗಬೇಡಿ, ಸಂಜೆ ಬಸ್ಸಲ್ಲಿ ನಿಲ್ಲೋಕೆ ಜಾಗ ಸಿಕ್ಕರೆ ಹೆಚ್ಚು. ಸೂತ್ರದ ಚೀಟಿ ಸಾಕು. ಮನೆಗೆ ಬಂದು ಮಂಡಕ್ಕಿ ತಿಂದು, ಊಟಕ್ಕೆ ಮುಂಚೆ ಆ ಮೂರು ಲೆಕ್ಕ.