ಮನೆಯಲ್ಲೇ ಓದುವ ಮಕ್ಕಳಿಗೆ ಪ್ರಕೃತಿ ಮತ್ತು ಕೈಕೆಲಸದ ಚಟುವಟಿಕೆಗಳು: ಎರಡೇ ದಿನಕ್ಕೆ ಬೇಸರ ಬಾರದ ಹಾಗೆ ಏನು ಮಾಡಿಸಬಹುದು?

ನಿಮ್ಮ ಮಗಳಿಗೆ 10, ಮಗನಿಗೆ 6. ಇಬ್ಬರೂ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಿದ್ದಾರೆ. ಚಟುವಟಿಕೆಗಳ ಪಟ್ಟಿ ಫೋನಿನಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಯಾವುದೂ ಎರಡು ದಿನ ದಾಟುವುದಿಲ್ಲ ಅಂತ ಬರೆದಿದ್ದೀರಿ. ತೋಟ ಇಲ್ಲ, ಬಾಲ್ಕನಿ ಮಾತ್ರ. ‘ನನಗೇ ಕೈಕೆಲಸ ಬರುವುದಿಲ್ಲ’ ಅಂತಲೂ ಸೇರಿಸಿದ್ದೀರಿ. ನಾನೂ ಮಕ್ಕಳನ್ನು ಮನೆಯಲ್ಲೇ ಓದಿಸುವವಳು. ಹಾಗಾಗಿ ಮಾಡಿ ನೋಡಿದ್ದನ್ನಷ್ಟೇ ಹೇಳುತ್ತೇನೆ.

ಆ ಪಟ್ಟಿಗಳಲ್ಲಿರುವ ಕೆಲಸಗಳನ್ನೇ ಗಮನಿಸಿ. ಕಾಗದದ ತಟ್ಟೆಯ ಗೂಬೆ, ಒಣ ಎಲೆ ಅಂಟಿಸಿದ ನವಿಲು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಆಮೇಲೆ ಆ ಗೂಬೆ ಯಾರಿಗೂ ಬೇಡ. ಮಕ್ಕಳಿಗೆ ಬೇಸರವಾಗುವುದು ಸಹಜ ಅಲ್ವಾ? ನಾನು ಆರಿಸುವಾಗ ನೋಡುವುದು ಎರಡೇ ವಿಷಯ. ನಾಳೆ ಬೆಳಿಗ್ಗೆ ಎದ್ದು ನೋಡಲು ಏನಾದರೂ ಉಳಿದಿರಬೇಕು. ಇಲ್ಲವೇ ಮಾಡಿದ ವಸ್ತು ಮನೆಯಲ್ಲಿ ಬಳಕೆಗೆ ಬರಬೇಕು. ಎರಡೂ ಇಲ್ಲದಿದ್ದರೆ ನಾನು ಆ ಕೆಲಸಕ್ಕೆ ಕೈ ಹಾಕುವುದೇ ಇಲ್ಲ.

ಶುರು ಮಾಡುವುದಕ್ಕೆ ಗಾಜಿನ ಬಾಟಲಿಯಲ್ಲಿ ಕಾಳು ಮೊಳೆಸುವುದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ‘ಅಯ್ಯೋ, ಅದು ಗೊತ್ತು ಬಿಡಿ’ ಅನ್ನಬೇಡಿ. ಸಾಮಾನ್ಯವಾಗಿ ಎಲ್ಲರೂ ಮೊಳಕೆ ಬಂದ ಕೂಡಲೇ ಆಟ ಮುಗಿಸುತ್ತಾರೆ. ನಿಜವಾದ ಆಟ ಅಲ್ಲಿಂದಾಚೆಗೇ ಇರುವುದು. ಅಲಸಂದೆ ಅಥವಾ ಹುರುಳಿಕಾಯಿ ಬೀಜವನ್ನು ರಾತ್ರಿ ನೆನೆಸಿಡಿ. ಅಗಲ ಬಾಯಿಯ ಬಾಟಲಿಯ ಒಳಗೋಡೆಗೆ ಟಿಶ್ಯೂ ಕಾಗದವನ್ನು ಸುತ್ತಿ, ಒದ್ದೆ ಮಾಡಿ, ಕಾಗದಕ್ಕೂ ಗಾಜಿಗೂ ನಡುವೆ ಬೀಜಗಳನ್ನು ಸಿಕ್ಕಿಸಿ. ಒಂದನ್ನು ನೆಟ್ಟಗೆ, ಒಂದನ್ನು ತಲೆಕೆಳಗಾಗಿ, ಒಂದನ್ನು ಅಡ್ಡಡ್ಡ ಇಡಿ. ತಳದಲ್ಲಿ ಒಂದಿಷ್ಟು ನೀರಿದ್ದರೆ ಸಾಕು, ಬೀಜ ಮುಳುಗಬಾರದು. ಬೇರು ಯಾವ ಕಡೆಯಿಂದ ಬರುತ್ತದೆ, ಯಾವ ಕಡೆಗೆ ಹೋಗುತ್ತದೆ ಅಂತ ಇಬ್ಬರಿಂದಲೂ ಮೊದಲೇ ಊಹೆ ಬರೆಸಿಕೊಳ್ಳಿ.

ಬೇರು ಕಿರುಬೆರಳಿನ ಅರ್ಧದಷ್ಟು ಉದ್ದವಾದಾಗ ಬಾಟಲಿಯನ್ನು ಹಾಗೇ ಮಲಗಿಸಿ. ನೀರು ಚೆಲ್ಲದ ಹಾಗೆ ಮೊದಲೇ ಬಗ್ಗಿಸಿ ತೆಗೆದಿರಿ. ಮಾರನೇ ದಿನ ನೋಡಿದರೆ ಬೇರಿನ ತುದಿ ಮತ್ತೆ ನೆಲದ ಕಡೆಗೆ ತಿರುಗಿರುತ್ತದೆ. ಹಳೆಯ ಭಾಗ ಮಾತ್ರ ಇದ್ದಲ್ಲೇ ನೆಟ್ಟಗಿರುತ್ತದೆ. ಇನ್ನೊಮ್ಮೆ ತಿರುಗಿಸಿದರೆ ಇನ್ನೊಂದು ತಿರುವು. ಕೆಲವು ದಿನಗಳಲ್ಲಿ ಬೇರು ಮೆಟ್ಟಿಲಿನ ಆಕಾರಕ್ಕೆ ಬರುತ್ತದೆ. ಬೇರಿಗೆ ಕಣ್ಣಿಲ್ಲ, ಕೆಳಗೆ ಯಾವುದು ಅಂತ ಹೇಗೆ ಗೊತ್ತಾಯಿತು? ಈ ಪ್ರಶ್ನೆಯನ್ನು ಮಕ್ಕಳೇ ಕೇಳುವವರೆಗೆ ಬಾಯಿ ಮುಚ್ಚಿಕೊಂಡಿರಿ. ದೊಡ್ಡವರಿಗೆ ಇದೇ ಕಷ್ಟದ ಕೆಲಸ. ಬೇರಿನ ತುದಿಯ ಕೆಲವು ಜೀವಕೋಶಗಳ ಒಳಗೆ ಪಿಷ್ಟದ ಸಣ್ಣ ಕಾಳುಗಳಿವೆ. ಬಾಟಲಿ ಮಲಗಿಸಿದಾಗ ಅವು ಜಾರಿ ಹೊಸ ತಳಕ್ಕೆ ಬೀಳುತ್ತವೆ. ಬೇರು ದಿಕ್ಕು ತಿಳಿಯುವುದು ಅದರಿಂದ. ತುದಿ ಕತ್ತರಿಸಿದ ಬೇರು ಹೀಗೆ ಬಾಗುವುದಿಲ್ಲ ಅಂತ 1880ರಷ್ಟು ಹಿಂದೆಯೇ ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ನೆರವಿನಿಂದ ಬರೆದಿದ್ದ. ನಿಮ್ಮ ಮಗಳು ಅದನ್ನೂ ಮಾಡಿ ನೋಡಬಹುದು. ಒಂದು ಬೇರಿನ ತುದಿಯನ್ನು ಒಂದು ಮಿಲಿಮೀಟರಿನಷ್ಟು ಮಾತ್ರ ಕತ್ತರಿಸಿ, ಇನ್ನೊಂದನ್ನು ಹಾಗೇ ಬಿಟ್ಟು, ಬಾಟಲಿ ಮಲಗಿಸಿದರೆ ಆಯಿತು.

ಇನ್ನು ಮರ. ಬಾಲ್ಕನಿಯಿಂದ ಕಾಣುವ ಅಥವಾ ದಿನಾ ನಡೆದು ಹೋಗುವ ದಾರಿಯ ಒಂದೇ ಒಂದು ಮರವನ್ನು ಮಕ್ಕಳೇ ಆರಿಸಲಿ. ವರ್ಷವಿಡೀ ಅದೇ ಮರ. ಕೈಗೆಟುಕುವ ಕೊಂಬೆಯ ಒಂದು ಮೊಗ್ಗಿನ ಬುಡಕ್ಕೆ ಸಡಿಲವಾಗಿ ಬಣ್ಣದ ದಾರ ಕಟ್ಟಿ, ಅದು ಎಲೆಯಾಗಿ ಬಿಚ್ಚಿ, ಬಲಿತು, ಉದುರುವವರೆಗೂ ವಾರಕ್ಕೊಮ್ಮೆ ನೋಡಿ ಬರೆಯಬೇಕು. ತೊಗಟೆಯ ಮೇಲೆ ಕಾಗದ ಇಟ್ಟು ಕ್ರೆಯಾನ್ ಉಜ್ಜಿ ಅಚ್ಚು ತೆಗೆಯುವುದು 6 ವರ್ಷದವನಿಗೆ ಬಹಳ ಇಷ್ಟವಾಗುತ್ತದೆ. 10 ವರ್ಷದವಳಿಗೆ ಮರದ ಎತ್ತರ ಅಳೆಯುವ ಕೆಲಸ ಕೊಡಿ. ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆಯಬೇಕು, ತಕ್ಷಣವೇ ಮರದ ನೆರಳನ್ನೂ ಅಳೆಯಬೇಕು. ಕೋಲಿನ ನೆರಳು 80 ಸೆಂಟಿಮೀಟರ್, ಮರದ್ದು 8 ಮೀಟರ್ ಆದರೆ ಮರ 10 ಮೀಟರ್ ಎತ್ತರ. ಅನುಪಾತದ ಪಾಠ ಪುಸ್ತಕದಲ್ಲಿ ಬಂದಾಗ ಅವಳಿಗೆ ಹೊಸದಾಗಿ ಏನೂ ಹೇಳಬೇಕಾಗುವುದಿಲ್ಲ.

ಅಲ್ಲೇ ಇರುವೆ ಸಾಲು ಇದ್ದೇ ಇರುತ್ತದೆ. ಸಾಲಿನ ನಡುವೆ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ ಸುಮ್ನೆ ಕೂತು ನೋಡಲಿ. ಇರುವೆಗಳು ಒರೆಸಿದ ಜಾಗದ ಅಂಚಿಗೆ ಬಂದು ತಡವರಿಸುತ್ತವೆ, ಹಿಂದೆ ಮುಂದೆ ಓಡಾಡುತ್ತವೆ, ಆಮೇಲೆ ಒಂದೊಂದೇ ದಾಟುತ್ತವೆ. ನೆಲಕ್ಕೆ ಬಿಟ್ಟ ವಾಸನೆಯನ್ನು ಹಿಡಿದು ಅವು ನಡೆಯುತ್ತವೆ ಅಂತ ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ. ಕಚ್ಚುವ ಕೆಂಪಿರುವೆ ಆದರೆ ಬೇಡ.

ಕೈಕೆಲಸದಲ್ಲಿ ನನ್ನ ಮೊದಲ ಓಟು ಹಗ್ಗ ಹೊಸೆಯುವುದಕ್ಕೆ. ಕತ್ತರಿ ಬೇಡ, ಅಂಟು ಬೇಡ, ಮೇಜು ಕೂಡ ಬೇಡ. ಬಾಳೆಪಟ್ಟೆಯ ನಾರು, ತೆಂಗಿನ ನಾರು, ಏನೂ ಇಲ್ಲದಿದ್ದರೆ ಗೋಣಿಚೀಲದಿಂದ ಬಿಚ್ಚಿದ ದಾರ ಆಗುತ್ತದೆ. ನಾರನ್ನು ಒಂದಿಷ್ಟು ಒದ್ದೆ ಮಾಡಿ. ಒಂದು ಎಸಳನ್ನು ನಡುವಿಗಿಂತ ಸ್ವಲ್ಪ ಆಚೆಗೆ ಮಡಿಸಿ, ಮಡಿಕೆಯನ್ನು ಎಡಗೈಯಲ್ಲಿ ಹಿಡಿಯಿರಿ. ಈಗ ಎರಡು ಎಳೆಗಳಾದವು. ಮೇಲಿನ ಎಳೆಯನ್ನು ಬೆರಳಲ್ಲಿ ನಿಮ್ಮಿಂದ ಆಚೆಗೆ ಗಟ್ಟಿಯಾಗಿ ತಿರುಚಿ, ಹಾಗೇ ಹಿಡಿದುಕೊಂಡು ನಿಮ್ಮ ಕಡೆಗೆ ತಂದು ಕೆಳಗಿನ ಎಳೆಯ ಮೇಲೆ ದಾಟಿಸಿ. ಈಗ ಮೇಲೆ ಬಂದಿರುವುದು ಇನ್ನೊಂದು ಎಳೆ. ಅದಕ್ಕೂ ಹೀಗೇ. ಆಚೆಗೆ ತಿರುಚು, ಈಚೆಗೆ ದಾಟಿಸು. ಇಷ್ಟೇ. ಎಳೆಗಳು ಒಂದು ದಿಕ್ಕಿಗೆ ತಿರುಚಿಕೊಂಡಿರುತ್ತವೆ, ಹಗ್ಗ ಅದಕ್ಕೆ ಎದುರು ದಿಕ್ಕಿಗೆ ಸುತ್ತಿಕೊಂಡಿರುತ್ತದೆ. ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಬಿಗಿಯುತ್ತದೆ, ಆದ್ದರಿಂದ ಕೈ ಬಿಟ್ಟರೂ ಹಗ್ಗ ಬಿಚ್ಚುವುದಿಲ್ಲ. ಮಡಿಕೆ ನಡುವಿಗಿಂತ ಆಚೆಗಿರಲಿ ಅಂದೆನಲ್ಲ, ಯಾಕೆ ಅಂದರೆ ಎರಡು ಎಳೆಗಳೂ ಒಂದೇ ಜಾಗದಲ್ಲಿ ಮುಗಿಯಬಾರದು. ಒಂದು ಎಳೆ ಸಣ್ಣಗಾದಾಗ ಹೊಸ ನಾರು ಸೇರಿಸಿ ತಿರುಚುತ್ತಾ ಹೋಗಬಹುದು.

6 ವರ್ಷದವನ ಬೆರಳಿಗೆ ಒಬ್ಬನೇ ಮಾಡುವುದು ಕಷ್ಟ. ಅವನು ಮಡಿಕೆ ಹಿಡಿದುಕೊಳ್ಳಲಿ, ಅಕ್ಕ ಹೊಸೆಯಲಿ. ಹಗ್ಗ ಒಂದು ಮೊಳವಾದ ಮೇಲೆ ಬಕೆಟ್ ಕಟ್ಟಿ ಮಗ್ಗಿನಲ್ಲಿ ನೀರು ಸುರಿಯುತ್ತಾ ಹೋಗಿ, ಎಷ್ಟು ಲೀಟರಿಗೆ ಹರಿಯುತ್ತದೆ ನೋಡಿ. ಬಕೆಟ್ ನೆಲದಿಂದ ಒಂದು ಗೇಣು ಮಾತ್ರ ಮೇಲಿರಲಿ, ಕಾಲು ದೂರ ಇರಲಿ. ಹರಿದರೆ ಅಳುವುದಿಲ್ಲ, ಕೂಡಲೇ ಮೂರು ಎಳೆಯ ಹಗ್ಗಕ್ಕೆ ಕೂರುತ್ತಾರೆ. ಆಗ ಅವರಿಗೆ ಇದನ್ನು ಹೇಳಿ: ಫ್ರಾನ್ಸಿನ ಅಬ್ರಿ ದ್ಯು ಮಾರಾ ಎಂಬ ಕಡೆ ಕಲ್ಲಿನ ಉಪಕರಣಕ್ಕೆ ಅಂಟಿಕೊಂಡಿದ್ದ ಒಂದು ಚೂರು ದಾರ ಸಿಕ್ಕಿದೆ, ಅದರ ಸುದ್ದಿ ಹೊರಬಂದದ್ದು 2020ರಲ್ಲಿ. 40 ಸಾವಿರ ವರ್ಷಕ್ಕೂ ಹಳೆಯದು, ನಿಯಾಂಡರ್ತಾಲ್ ಎಂಬ ಆದಿಮಾನವರ ಕೆಲಸ. ಮರದ ತೊಗಟೆಯ ನಾರು, ಮೂರು ಎಳೆ, ಒಂದು ದಿಕ್ಕಿಗೆ ತಿರುಚಿ ಎದುರು ದಿಕ್ಕಿಗೆ ಹೊಸೆದದ್ದು. ಈಗ ತಾನೇ ನಿಮ್ಮ ಮಕ್ಕಳ ಕೈ ಮಾಡಿದ್ದೂ ಅದನ್ನೇ. ನಮ್ಮ ಮನೆಯಲ್ಲಿ ಹೊಸೆದ ಹಗ್ಗ ಈಗ ಬಳ್ಳಿ ಹಬ್ಬಿಸಲು, ಬಟ್ಟೆ ಒಣಹಾಕಲು ಬಳಕೆಯಾಗುತ್ತಿದೆ.

ಬಣ್ಣದ ಆಟ ನಿಮಗೆ ಗೊತ್ತಿರಬಹುದು, ಬೇಗ ಹೇಳಿ ಮುಗಿಸುತ್ತೇನೆ. ಕೆಂಪು ದಾಸವಾಳದ ಎಸಳನ್ನು ಬಿಳಿ ಕಾಗದದ ಮೇಲೆ ಉಜ್ಜಿ ಒಣಗಿಸಿ. ನೇರಳೆ ಬಣ್ಣ ಹಿಡಿಯುತ್ತದೆ. ಅದರ ಮೇಲೆ ಕುಂಚದಿಂದ ನಿಂಬೆರಸ ಎಳೆದರೆ ಕೆಂಪು, ಅಡುಗೆ ಸೋಡಾ ಕರಗಿಸಿದ ನೀರು ಎಳೆದರೆ ಹಸಿರು. ಅರಿಸಿನ ಬಳಿದ ಕಾಗದದ ಮೇಲೆ ಸಾಬೂನು ನೀರು ಹಾಕಿದರೆ ಕೆಂಪಾಗುತ್ತದೆ. ಒಮ್ಮೆ ತೋರಿಸಿ ಬಿಟ್ಟುಬಿಡಿ. ಆಮೇಲೆ ಮನೆಯಲ್ಲಿರುವ ದ್ರವಗಳನ್ನೆಲ್ಲ ಅವರೇ ಪರೀಕ್ಷೆ ಮಾಡುತ್ತಾರೆ. ಬಚ್ಚಲು ತೊಳೆಯುವ ಆಸಿಡ್, ಬ್ಲೀಚ್ ಮಾತ್ರ ಅದಕ್ಕೂ ಮೊದಲೇ ಕೈಗೆ ಸಿಗದ ಹಾಗೆ ಎತ್ತಿಡಿ.

ಮಣ್ಣಿನ ಬಗ್ಗೆ ಇನ್ನೊಂದಿಷ್ಟು. ಉದ್ದನೆಯ ಬಾಟಲಿಯ ಮೂರನೇ ಒಂದು ಭಾಗಕ್ಕೆ ಮಣ್ಣು ತುಂಬಿ, ನೀರು ಹಾಕಿ, ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ ಬಿಟ್ಟು, ಚೆನ್ನಾಗಿ ಕುಲುಕಿ ಇಡಿ. ಮರಳು ಮೊದಲ ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಅದರ ಮೇಲೆ ನಯವಾದ ಹೂಳು ಕೂರಲು ಗಂಟೆಗಳು ಬೇಕು. ಜೇಡಿ ಕೂರಲು ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ. ಪದರಗಳನ್ನು ಸ್ಕೇಲಿನಲ್ಲಿ ಅಳೆದರೆ ಶೇಕಡಾ ಲೆಕ್ಕ ಕಲಿಸಿದ ಹಾಗೂ ಆಯಿತು. ಬೇರೆ ಬೇರೆ ಕಡೆಯ ಮಣ್ಣು ತಂದು ಸಾಲಾಗಿ ಇಡಿ. ಯಾವುದರಲ್ಲಿ ಜೇಡಿ ಜಾಸ್ತಿ ಇದೆಯೋ ಅದೇ ಮಣ್ಣಿನಿಂದ ಬಟ್ಟಲು ಮಾಡಲಿ. ಒದ್ದೆ ಮಣ್ಣನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ ನೋಡಬೇಕು. ಬಿರುಕು ಬಿಡದೆ ಬಾಗಿದರೆ ಅದು ಬಟ್ಟಲಿಗೆ ಆಗುವ ಮಣ್ಣು. ಒಣಗಿದ ಬಟ್ಟಲಿಗೆ ನೀರು ಹಾಕಿದರೆ ಅದು ಕರಗಿ ಮತ್ತೆ ಕೆಸರಾಗುತ್ತದೆ. ಸುಡುವುದು ಯಾಕೆ ಬೇಕು ಅಂತ ಆಗ ಅರ್ಥವಾಗುತ್ತದೆ, ಮೊದಲೇ ಹೇಳಬೇಡಿ.

ಕಿಟ್ ಕೊಳ್ಳಬಹುದಾ ಅಂತ ಕೇಳಿದ್ದೀರಿ. ನಾನು ಹಣ ಕೊಟ್ಟು ತಂದು ಸಾರ್ಥಕವಾಯಿತು ಅಂದುಕೊಂಡದ್ದು ಸಯನೋಟೈಪ್ ಕಾಗದ ಒಂದೇ. ಕಬ್ಬಿಣದ ಲವಣ ಬಳಿದ ಕಾಗದ ಅದು. ಮೇಲೆ ಎಲೆಯನ್ನೋ ಗರಿಯನ್ನೋ ಇಟ್ಟು ಕೆಲವು ನಿಮಿಷ ಬಿಸಿಲಿಗೆ ಹಿಡಿದು ನೀರಲ್ಲಿ ತೊಳೆದರೆ, ಬಿಸಿಲು ಬಿದ್ದ ಕಡೆ ಗಾಢ ನೀಲಿ, ನೆರಳಿದ್ದ ಕಡೆ ಬಿಳಿ. ಜಾನ್ ಹರ್ಶೆಲ್ ಎಂಬ ಇಂಗ್ಲಿಷ್ ವಿಜ್ಞಾನಿ ಇದನ್ನು 1842ರಲ್ಲಿ ಕಂಡುಹಿಡಿದ. ಮರುವರ್ಷವೇ ಆನಾ ಆಟ್‌ಕಿನ್ಸ್ ಎಂಬ ಇಂಗ್ಲಿಷ್ ಸಸ್ಯತಜ್ಞೆ ಕಡಲಪಾಚಿಗಳ ಚಿತ್ರಗಳನ್ನು ಹೀಗೇ ಮುದ್ರಿಸಲು ಶುರು ಮಾಡಿದಳು. ನಿಮ್ಮ ಮಗಳು ತಾನು ಆರಿಸಿದ ಮರದ ಎಲೆಯನ್ನು ತಿಂಗಳಿಗೊಂದರಂತೆ ಮುದ್ರಿಸಿಟ್ಟರೆ ಎಲೆ ಬೆಳೆದದ್ದು, ಹುಳ ತಿಂದದ್ದು, ಎಲ್ಲವೂ ದಾಖಲಾಗುತ್ತದೆ.

‘ನನಗೇ ಕೈಕೆಲಸ ಬರುವುದಿಲ್ಲ’ ಅನ್ನುವುದರ ಬಗ್ಗೆ ಚಿಂತೆ ಬೇಡ. ಹಗ್ಗ ಹೊಸೆಯುವುದನ್ನು ಅವರ ಜೊತೆಗೇ ಕಲಿಯಿರಿ. ಅಮ್ಮನ ಹಗ್ಗ ತಮ್ಮದಕ್ಕಿಂತ ಮೊದಲು ಹರಿದರೆ ಮಕ್ಕಳಿಗೆ ಆಗುವ ಖುಷಿ ಹೇಳತೀರದು. ಕೈಕೆಲಸ ಅಂದರೆ ಬಿಡುವಿನ ಆಟ ಅಂತ ಯಾರಾದರೂ ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡಿ. ಫಿನ್ಲೆಂಡ್ 1866ರಲ್ಲೇ ಊನೋ ಸಿಗ್ನೇಯಸ್ ಎಂಬ ಶಿಕ್ಷಣತಜ್ಞನ ಮಾತು ಕೇಳಿ ಶಾಲೆಗಳಲ್ಲಿ ಅದನ್ನು ಕಡ್ಡಾಯ ಪಾಠ ಮಾಡಿತ್ತು.

ಒಂದೆರಡು ವಿಷಯದಲ್ಲಿ ಮಾತ್ರ ನಾನು ಬಿಗಿ. ಚಾಕು ಕೈಗೆ ಕೊಡುವುದಾದರೆ 10 ವರ್ಷದವಳಿಗೆ, ಅದೂ ಕೂತುಕೊಂಡೇ ಕೆತ್ತಬೇಕು, ಅಲಗು ಮೈಯಿಂದ ಆಚೆಗೆ ಹೋಗಬೇಕು, ಕೈ ಚಾಚಿದಷ್ಟು ದೂರದೊಳಗೆ ತಮ್ಮ ಬರಬಾರದು. ಮೊದಲು ಸಾಬೂನಿನ ತುಂಡು ಕೆತ್ತಲಿ, ಮರ ಆಮೇಲೆ. ಇನ್ನೊಂದು, ಕೆಂಪು ಕಪ್ಪು ಗುಲಗಂಜಿ. ನೋಡಲು ಮುದ್ದಾಗಿದೆ ಅಂತ ಮಾಲೆ, ಚಿತ್ರ ಮಾಡಲು ತರುತ್ತಾರೆ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಸೂಜಿಯಿಂದ ತೂತು ಕೊರೆಯುವುದೂ ಬೇಡ. ಹರಳುಬೀಜ, ಕಣಗಿಲೆ, ದತ್ತೂರಿಯೂ ಈ ಸಾಲಿಗೇ ಸೇರಿದವು. ಕಂಬಳಿಹುಳವನ್ನು ದೂರದಿಂದ ನೋಡಲಿ, ಮುಟ್ಟುವುದು ಬೇಡ. ಹಕ್ಕಿಗೂಡು ಖಾಲಿ ಇದ್ದಂತೆ ಕಂಡರೂ ಕೀಳಬಾರದು.

ಇದೆಲ್ಲ ಓದಿನ ಲೆಕ್ಕಕ್ಕೆ ಬರುತ್ತದಾ, ಯಾರಾದರೂ ಕೇಳಿದರೆ ಏನು ತೋರಿಸುವುದು ಅಂತ ಕೊನೆಗೆ ಕೇಳಿದ್ದೀರಿ. ಇಬ್ಬರಿಗೂ ಗೆರೆ ಇಲ್ಲದ ಒಂದೊಂದು ನೋಟ್‌ಬುಕ್ ಕೊಡಿ. ಬೇರಿನ ಚಿತ್ರ, ಬಕೆಟ್ಟಿನ ಲೀಟರ್ ಲೆಕ್ಕ, ಮಣ್ಣಿನ ಪದರ, ಎಲ್ಲ ಅದರಲ್ಲೇ ಬರಲಿ. ಚಿತ್ರ ಚೆನ್ನಾಗಿಲ್ಲ ಅಂತ ತಿದ್ದಬೇಡಿ, ಅಂಕ ಹಾಕಬೇಡಿ. ಸಣ್ಣವನು ಬರೆಯುವುದಿಲ್ಲ ಅಂತ ಹಠ ಮಾಡಿದರೆ ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ನೀವು ಬರೆದುಕೊಳ್ಳಿ. ಪುಟದ ಮೇಲೆ ದಿನಾಂಕ ಹಾಕುವುದನ್ನು ಮಾತ್ರ ತಪ್ಪಿಸಬೇಡಿ, ಅದಿಲ್ಲದಿದ್ದರೆ ಮುಂದಿನ ವರ್ಷ ಅದೇ ಮರ ಚಿಗುರಿದಾಗ ಹೋಲಿಸಿ ನೋಡಲು ಆಗುವುದಿಲ್ಲ.