ಹಳೆಯ ಹಂಚಿನ ಮನೆ ಕೊಳ್ಳುವಾಗ ರಿಪೋರ್ಟ್ ಓದುವುದು ಹೇಗೆ?

ಪ್ರಶ್ನೆ: ಕುಂದಾಪುರದ ಹತ್ತಿರ ಹಳೆಯ ಹಂಚಿನ ಮನೆ ಕೊಳ್ಳಬೇಕೆಂದಿದ್ದೇವೆ. ಎಂಜಿನಿಯರ್ ರಿಪೋರ್ಟ್‌ನಲ್ಲಿ ‘ಹಂಚು ಒಡೆದಿದೆ, ರಾಫ್ಟರ್ ತುದಿ ಲಡ್ಡು (ಕೊಳೆತಿದೆ), ವ್ಯಾಲಿ ಗಟರ್ ತುಕ್ಕು, ರೈಸಿಂಗ್ ಡ್ಯಾಂಪ್, ಲೋಡ್ ಬೇರಿಂಗ್ ಗೋಡೆ’ ಎಂದೆಲ್ಲ ಇದೆ. ಹಂಚು ಒಡೆದಿರುವುದೇ ನಮಗೆ ಭಯ. ಕೊಳ್ಳಬಹುದಾ ಸರ್?

ಉತ್ತರ: ಹಂಚಿಗೆ ಹೆದರಬೇಡಿ. ಒಡೆದದ್ದನ್ನು ಮಾತ್ರ ತೆಗೆದು ಬೇರೆ ಹಾಕಬಹುದು. ಒಂದೇ ಮಾತು, ಹಳೆಯ ಹಂಚೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಇನ್ನೂ ಎಷ್ಟೋ ಕಾರ್ಖಾನೆಗಳು ಬಂದವು, ಎಲ್ಲರ ಅಚ್ಚೂ ಒಂದೇ ಅಲ್ಲ. ಅಚ್ಚು ಹೊಂದದಿದ್ದರೆ ಸಂದಿಯಲ್ಲಿ ನೀರು ಇಳಿಯುತ್ತದೆ.

ನನಗೆ ಚಿಂತೆ ಇರುವುದು ರಾಫ್ಟರ್ ಬಗ್ಗೆ. ಊರಲ್ಲಿ ಪಕಾಸು ಅಂತೀವಲ್ಲ, ಮಾಡಿನ (ಛಾವಣಿಯ) ನೆತ್ತಿಯಿಂದ ಗೋಡೆಯ ಕಡೆ ಇಳಿಯುವ ಮರ, ಅದೇ. ಅದರ ಮೇಲೆ ಅಡ್ಡಕ್ಕೆ ಹೊಡೆದ ಪಟ್ಟಿ ರೀಪು, ಹಂಚು ಕೂರುವುದು ರೀಪಿನ ಮೇಲೆ. ಪಕಾಸು ಜಾಸ್ತಿ ಕೆಡುವುದು ಕೆಳಗಿನ ತುದಿಯಲ್ಲಿ, ಗೋಡೆಯ ಮೇಲೆ ಕೂತ ಜಾಗದಲ್ಲಿ. ಮೇಲೆ ಪೇಂಟ್ ಚೆನ್ನಾಗಿದ್ದು ಒಳಗೆ ಹಿಟ್ಟಾಗಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಅದಕ್ಕೇ ಸುಮ್ನೆ ಕಣ್ಣಿನಲ್ಲಿ ನೋಡಿ ಬರಬೇಡಿ, ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ಮರ ಹೋಯಿತು. ಹಾಗೇ ದೂರ ನಿಂತು ಮಾಡಿನ ನೆತ್ತಿಯ ಗೆರೆ ನೋಡಿ. ರಿಪೋರ್ಟ್‌ನಲ್ಲಿ ಅದು ‘ರಿಡ್ಜ್’. ನಡುವೆ ಜಗ್ಗಿದ್ದರೆ ಒಳಗಿನ ಮರ ಸೋತಿರಬಹುದು.

ವ್ಯಾಲಿ ಎಂದರೆ ಎರಡು ಮಾಡು ಒಳಮೂಲೆಯಲ್ಲಿ ಸೇರುವ ಜಾಗ. ಅಲ್ಲಿ ತಗಡಿನ ದೋಣಿ ಇರುತ್ತದೆ, ಅದೇ ಗಟರ್, ಎರಡೂ ಕಡೆಯ ಮಳೆನೀರು ಬೀಳುವುದು ಅದಕ್ಕೇ. ಅದು ತುಕ್ಕು ಹಿಡಿದು ತೂತಾದರೆ ಕೆಳಗಿನ ಮರ ಪ್ರತಿ ಮಳೆಗಾಲವೂ ನೆನೆಯುತ್ತದೆ. ನಿಮ್ಮ ಮನೆಯಲ್ಲಿ ಪಕಾಸು ಕೆಟ್ಟಿರುವುದು ಈ ಮೂಲೆಯಲ್ಲೇನಾ, ಮೊದಲು ಅದನ್ನು ನೋಡಿ.

ರೈಸಿಂಗ್ ಡ್ಯಾಂಪ್ ಎಂದರೆ ನೆಲದ ತೇವ ಗೋಡೆಗೆ ಏರುವುದು. ಕಲೆ ಕೆಳಗಿನ ಎರಡು ಮೂರು ಅಡಿಯಲ್ಲಿ ಇರುತ್ತದೆ, ಬಿಳಿ ಉಪ್ಪು ಉದುರುತ್ತದೆ. ಮೇಲಿಂದ ಇಳಿದ ಕಲೆಯಾದರೆ ಅದು ಮಾಡಿನ ಸೋರಿಕೆ. ಕೆಂಪು ಕಲ್ಲಿನ ಗೋಡೆಗೆ ತೇವ ಮುಚ್ಚಲೆಂದು ಸಿಮೆಂಟ್ ಬಳಿಸಬೇಡಿ, ನೀರು ಒಳಗೇ ಉಳಿಯುತ್ತದೆ.

ಲೋಡ್ ಬೇರಿಂಗ್ ಅಂದರೆ ಪಿಲ್ಲರ್ ಇಲ್ಲ, ಭಾರ ಹೊರುವುದು ಗೋಡೆಯೇ. ಹಾಲ್ ದೊಡ್ಡದು ಮಾಡಲು ಅದನ್ನು ಒಡೆಯಬೇಡಿ.

ಕೊಳ್ಳಬಹುದು. ಆದರೆ ಅಡ್ವಾನ್ಸ್ ಕೊಡುವ ಮೊದಲು ಅನುಭವ ಇರುವ ಮರಗೆಲಸದ ಆಚಾರಿಯೊಬ್ಬರನ್ನು ಅಟ್ಟ ಹತ್ತಿಸಿ, ಎಷ್ಟು ಪಕಾಸು ಬದಲಿಸಬೇಕು ಎಂದು ಎಣಿಸಿ ಬರೆಸಿಕೊಳ್ಳಿ. ಆ ಖರ್ಚನ್ನು ಹಿಡಿದೇ ಬೆಲೆ ಮಾತಾಡಿ.