ಗಣಕ ಪ್ರಶ್ನೋತ್ತರ: ಪರದೆ ಹೇಳಿದ್ದನ್ನು ಹಾಗೆಯೇ ಬರೆದು ಕಳಿಸಿ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಬಣ್ಣವೇ ಬದಲಾಗಿದೆ. ಅಟ್ಟದ ಮೇಲೆ ಗೋಣಿಚೀಲ ಹೊದ್ದು ಕೂತಿದ್ದ ಡೆಸ್ಕ್‌ಟಾಪುಗಳೆಲ್ಲ ಕೆಳಗಿಳಿದಿವೆ. ವಿಂಡೋಸ್ 11 ಅವುಗಳನ್ನು ಹತ್ತಿರ ಸೇರಿಸುವುದಿಲ್ಲ, ಹಾಗಾಗಿ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್. ಸಂತೋಷವೇ. ಆದರೆ ಬಹುಪಾಲು ಪತ್ರಗಳ ಒಕ್ಕಣೆ ಇಷ್ಟೇ: ‘ಲಿನಕ್ಸ್ ಹಾಕಿದೆ, ಬರುತ್ತಿಲ್ಲ.’ ಎಲ್ಲಿಯವರೆಗೆ ಬಂತು? ಎಲ್ಲಿ ನಿಂತಿತು? ನಿಂತಾಗ ಪರದೆಯ ಮೇಲೆ ಏನಿತ್ತು? ಇದಿಲ್ಲದೆ ಅಗ್ರಹಾರದ ನನ್ನ ಅಂಗಡಿಯಲ್ಲಿ ಕೂತು ನಾನು ಕವಡೆ ಹಾಕಬೇಕಾಗುತ್ತದೆ.

ಸ್ವಿಚ್ ಒತ್ತಿದ ಕೂಡಲೇ ಏಳುವುದು ಬಯಾಸ್, ಮದರ್‌ಬೋರ್ಡಿನಲ್ಲೇ ಇರುವ ಪುಟ್ಟ ತಂತ್ರಾಂಶ. ಅದು ಡಿಸ್ಕನ್ನು ಹುಡುಕಿ ಗ್ರಬ್ ಎಂಬ ಬೂಟ್‌ಲೋಡರಿಗೆ (ಲಿನಕ್ಸನ್ನು ಎಬ್ಬಿಸುವ ತಂತ್ರಾಂಶ) ಒಪ್ಪಿಸುತ್ತದೆ, ಗ್ರಬ್ ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ಎಬ್ಬಿಸುತ್ತದೆ, ಕರ್ನಲ್ ಡಿಸ್ಕಿನಲ್ಲಿ ತನ್ನ ಪಾಲಿನ ಭಾಗವನ್ನು, ಅಂದರೆ ಪಾರ್ಟಿಷನ್ನನ್ನು, ಹುಡುಕಿಕೊಂಡು ಮುಂದಿನ ಕೆಲಸ ನಡೆಸುತ್ತದೆ. ಒಬ್ಬೊಬ್ಬರ ದೂರಿನ ಧಾಟಿ ಒಂದೊಂದು. ದೂರು ಯಾರ ಬಾಯಿಂದ ಬಂದದ್ದೆಂದು ತಿಳಿದರೆ ಉಳಿದದ್ದು ಸುಲಭ. ಅಂದಹಾಗೆ, ಆಜ್ಞೆಗಳನ್ನೂ ಸಂದೇಶಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡುತ್ತೇವೆ. ಕೀಲಿಮಣೆಯಲ್ಲಿ ಒತ್ತುವಾಗ ಇಂಗ್ಲಿಷಿನ ಸಣ್ಣಕ್ಷರಗಳೇ ಆಗಬೇಕು.

ಪ್ರಶ್ನೆ: ಲಿನಕ್ಸ್ ಮಿಂಟ್‌ನ ಐಎಸ್‌ಒ ಕಡತವನ್ನು ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಅದನ್ನು ಚುಚ್ಚಿ ಆನ್ ಮಾಡಿದರೂ ಹಳೆಯ ವಿಂಡೋಸೇ ಬರುತ್ತದೆ. ಪೆನ್‌ಡ್ರೈವ್ ಕೆಟ್ಟಿದೆಯೇ?
– ಸಹಕಾರ ಸಂಘದ ಗುಮಾಸ್ತರು, ಪಾಂಡವಪುರ

ಪೆನ್‌ಡ್ರೈವ್ ಚೆನ್ನಾಗಿಯೇ ಇದೆ. ಐಎಸ್‌ಒ ಕಡತ ಇಡೀ ಡಿಸ್ಕಿನ ಪಡಿಯಚ್ಚು, ಅದನ್ನು ಹಾಡು, ಫೋಟೋ ಹಾಕಿದಂತೆ ಕಾಪಿ ಮಾಡಿದರೆ ಅದರಿಂದ ಕಂಪ್ಯೂಟರ್ ಏಳುವುದಿಲ್ಲ. ರೂಫಸ್ ಅಥವಾ ಎಚರ್ ಎಂಬ ಉಚಿತ ತಂತ್ರಾಂಶದಿಂದ ‘ಬರೆಯಬೇಕು’. ಬರೆಯುವಾಗ ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಸಂಘದ ಜಮಾಖರ್ಚು ಅದರಲ್ಲಿದ್ದರೆ ಮೊದಲು ಬೇರೆಡೆಗೆ ಸಾಗಿಸಿ. ರೂಫಸ್‌ನಲ್ಲಿ ಪಾರ್ಟಿಷನ್ ಸ್ಕೀಮ್ ಎಂಬಲ್ಲಿ ಎಂಬಿಆರ್ ಆರಿಸಿ. ಜಿಪಿಟಿ ಆರಿಸಿದರೆ ಅದು ಹೊಸ ಯುಇಎಫ್‌ಐ (ಬಯಾಸ್‌ನ ಹೊಸ ತಲೆಮಾರು) ಯಂತ್ರಗಳಿಗಷ್ಟೇ ಹೊಂದುತ್ತದೆ, ನಿಮ್ಮ ಹಳೆಯ ಬಯಾಸ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಪೆನ್‌ಡ್ರೈವ್ ಚುಚ್ಚಿದ ಮೇಲೆಯೇ ಆನ್ ಮಾಡಿ, ಆನ್ ಆದ ತಕ್ಷಣ ಬೂಟ್ ಮೆನುವಿನ ಕೀಲಿಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಡೆಲ್, ಲೆನೊವೊ, ಗಿಗಾಬೈಟ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎಫ್12, ಏಸಸ್‌ನಲ್ಲಿ ಎಫ್8, ಎಂಎಸ್‌ಐನಲ್ಲಿ ಎಫ್11, ಎಚ್‌ಪಿಯಲ್ಲಿ ಎಫ್9 ಅಥವಾ ಎಸ್ಕೇಪ್. ಪಟ್ಟಿಯಲ್ಲಿ ಯುಎಸ್‌ಬಿ ಎಂಬ ಹೆಸರೇ ಕಾಣಲಿಲ್ಲವೇ? ಇಲ್ಲೇ ಬಹಳ ಜನ ಕೈಚೆಲ್ಲುವುದು. ಹಳೆಯ ಬಯಾಸ್‌ಗಳು ಪೆನ್‌ಡ್ರೈವನ್ನು ಇನ್ನೊಂದು ಹಾರ್ಡ್‌ಡಿಸ್ಕ್ ಎಂದೇ ಎಣಿಸುತ್ತವೆ. ‘ಹಾರ್ಡ್ ಡಿಸ್ಕ್’ ಎಂಬ ಸಾಲಿನ ಮೇಲೆ ಎಂಟರ್ ಒತ್ತಿದರೆ ಒಳಗೆ ಇನ್ನೊಂದು ಪಟ್ಟಿ ತೆರೆದುಕೊಳ್ಳುತ್ತದೆ. ಅಲ್ಲಿ ಪೆನ್‌ಡ್ರೈವ್ ಕಂಪನಿಯ ಹೆಸರು ತೆಪ್ಪಗೆ ಕೂತಿರುತ್ತದೆ. ಅದನ್ನು ಮೇಲಕ್ಕೆ ತನ್ನಿ.

ಕ್ಯಾಬಿನೆಟ್‌ನ ಮುಂಭಾಗದ ಯುಎಸ್‌ಬಿ ಕಿಂಡಿಗಳನ್ನು ನಂಬಬೇಡಿ, ಒಳಗಿನ ವೈರು ಎಷ್ಟೋ ಸಲ ಸಡಿಲವಾಗಿರುತ್ತದೆ. ಹಿಂಭಾಗದ್ದರಲ್ಲಿ ಚುಚ್ಚಿ. ಯುಎಸ್‌ಬಿಯಿಂದ ಏಳುವ ಶಕ್ತಿಯೇ ಇಲ್ಲದ ಬೋರ್ಡಾದರೆ ಡಿವಿಡಿಗೆ ಬರೆಯಿರಿ, 4.7 ಜಿಬಿಯ ಡಿವಿಡಿಯಲ್ಲಿ ಮಿಂಟ್ ಹಿಡಿಸುತ್ತದೆ, 700 ಎಂಬಿಯ ಸಿಡಿಯಲ್ಲಿ ಹಿಡಿಸದು.

ಪ್ರಶ್ನೆ: ಸೋದರಮಾವ ಕೊಟ್ಟ ಪೆಂಟಿಯಂ 4, 1 ಜಿಬಿ ರ‍್ಯಾಮ್. ‘ದಿಸ್ ಕರ್ನಲ್ ರಿಕ್ವೈರ್ಸ್ ಆನ್ ಎಕ್ಸ್86-64 ಸಿಪಿಯು, ಬಟ್ ಓನ್ಲಿ ಡಿಟೆಕ್ಟೆಡ್ ಆನ್ ಐ686 ಸಿಪಿಯು’ ಎಂದು ಬಂದು ನಿಲ್ಲುತ್ತದೆ.
– ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಸಂದೇಶವನ್ನು ಅಕ್ಷರ ಬಿಡದೆ ಬರೆದು ಕಳಿಸಿದ್ದೀರಿ, ಶಹಬ್ಬಾಸ್. ಉತ್ತರ ಅದರಲ್ಲೇ ಇದೆ: ನಿಮ್ಮದು 32 ಬಿಟ್ ಪ್ರೊಸೆಸರ್, ಹಾಕಹೊರಟದ್ದು 64 ಬಿಟ್ ಲಿನಕ್ಸ್. ಪೆಂಟಿಯಂ 4ರ ಕಡೆಕಡೆಯ ಮಾದರಿಗಳು 64 ಬಿಟ್ ಆಗಿದ್ದವು, ನಿಮ್ಮದು ಅದಲ್ಲ. ಲಿನಕ್ಸ್‌ನ ಬಗೆಗಳಲ್ಲಿ ಉಬುಂಟು 17.10ರಿಂದ, ಲಿನಕ್ಸ್ ಮಿಂಟ್ 2020ರ 20ನೇ ಆವೃತ್ತಿಯಿಂದ 32 ಬಿಟ್‌ನ ಕೈಬಿಟ್ಟಿವೆ. ಡೆಬಿಯನ್ ಕೂಡ 2025ರಲ್ಲಿ ಬಂದ 13ನೇ ಆವೃತ್ತಿಯಲ್ಲಿ 32 ಬಿಟ್ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು. ಆದ್ದರಿಂದ ಡೆಬಿಯನ್ 12ರ ‘ಐ386’ ಎಂದು ಹೆಸರಿರುವ ಐಎಸ್‌ಒ ತನ್ನಿ, ಡೆಸ್ಕ್‌ಟಾಪ್ ಆಗಿ ಎಲ್‌ಎಕ್ಸ್‌ಡಿಇ ಆರಿಸಿ. ಟರ್ಮಿನಲ್ ಕಲಿಯಲು, ಸಿ ಪ್ರೋಗ್ರಾಂ ಬರೆಯಲು ಧಾರಾಳವಾಯಿತು. ಬ್ರೌಸರ್ ತೆರೆದಿರೋ, 1 ಜಿಬಿಯಲ್ಲಿ ಅದು ತೆವಳುತ್ತದೆ. ದುಡ್ಡು ಹಾಕುವುದೇ ಆದರೆ ಈ ಯಂತ್ರಕ್ಕೆ ರ‍್ಯಾಮ್ ಹುಡುಕಿ ಅಲೆಯಬೇಡಿ, ಸೆಕೆಂಡ್‌ಹ್ಯಾಂಡ್ ಕೋರ್ 2 ಡ್ಯುಯೋ ನೋಡಿ. ಅದು 64 ಬಿಟ್.

ಪ್ರಶ್ನೆ: ರಾತ್ರಿ ಅಂಗಡಿ ಮುಚ್ಚುವಾಗ ಲಿನಕ್ಸ್ ಚೆನ್ನಾಗಿರುತ್ತದೆ. ಬೆಳಿಗ್ಗೆ ‘ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್’ ಎನ್ನುತ್ತದೆ. ಎಫ್1 ಒತ್ತಿದರೆ ‘ಪಿಎಕ್ಸ್‌ಇ-ಇ61: ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್’, ಕೊನೆಗೆ ‘ಡಿಸ್ಕ್ ಬೂಟ್ ಫೇಲ್ಯೂರ್’. ಹಾರ್ಡ್‌ಡಿಸ್ಕ್ ಕೇಬಲ್ ಹೊಸದು ಹಾಕಿಸಿದೆ. ಬಯಾಸ್‌ನಲ್ಲಿ ಎಲ್ಲ ಸರಿಮಾಡಿ ಮತ್ತೆ ಲಿನಕ್ಸ್ ಇನ್‌ಸ್ಟಾಲ್ ಮಾಡಿದರೆ ಆ ದಿನ ನಡೆಯುತ್ತದೆ, ಮರುದಿನ ಅದೇ ಕಥೆ. 500 ಜಿಬಿ ಡಿಸ್ಕ್‌ನಲ್ಲಿ ಲಿನಕ್ಸ್ ಇದೆ. ಹಳೆಯ ಕಡತಗಳಿರುವ 80 ಜಿಬಿಯದೂ ಒಂದಿದೆ.
– ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಮಾಲೀಕರು, ಮದ್ದೂರು

ನಿಮ್ಮ ಲಿನಕ್ಸ್ ಎಲ್ಲಿಗೂ ಹೋಗಿಲ್ಲ. ಈ ಮೂರೂ ಮಾತು ಬಯಾಸ್‌ನವು. ಲಿನಕ್ಸ್‌ಗೆ ಇನ್ನೂ ಬಾಯಿ ತೆರೆಯುವ ಸರದಿಯೇ ಬಂದಿಲ್ಲ. ನೀವು ರಾತ್ರಿ ಮೇನ್ ಸ್ವಿಚ್ ಆರಿಸಿ ಹೋಗುವವರು ಎಂದು ಊಹಿಸುತ್ತೇನೆ. ಗೋಡೆಯ ಕರೆಂಟ್ ಇರುವಷ್ಟು ಹೊತ್ತು ಮದರ್‌ಬೋರ್ಡ್ ತನ್ನ ಗಡಿಯಾರವನ್ನೂ ಸಿಮಾಸ್ ಎಂಬ ನೆನಪಿನಲ್ಲಿರುವ ಸೆಟ್ಟಿಂಗುಗಳನ್ನೂ ಅದರಿಂದಲೇ ಕಾಪಾಡಿಕೊಳ್ಳುತ್ತದೆ. ಕರೆಂಟ್ ತೆಗೆದ ಮೇಲೆ ಆ ಭಾರ ಬೀಳುವುದು ಬೋರ್ಡಿನ ಮೇಲಿನ ಬಿಲ್ಲೆಯಾಕಾರದ ಬ್ಯಾಟರಿಯ ಮೇಲೆ. ಅದು ಸತ್ತಿದೆ. ಹಾಗಾಗಿ ದಿನಾ ಬೆಳಿಗ್ಗೆ ಬಯಾಸ್ ಕಾರ್ಖಾನೆಯಿಂದ ಬಂದ ದಿನದ ಸೆಟ್ಟಿಂಗಿಗೆ ಮರಳುತ್ತದೆ. 500 ಜಿಬಿ ಡಿಸ್ಕ್ ಸಾಲಿನಲ್ಲಿ ಹಿಂದಕ್ಕೆ ಸರಿಯುತ್ತದೆ, ಏಳಿಸುವ ಸರಕೇ ಇಲ್ಲದ 80 ಜಿಬಿಯದು ಮುಂದೆ ಬರುತ್ತದೆ. ನೆಟ್‌ವರ್ಕ್‌ನಿಂದ ಬೂಟ್ ಮಾಡುವ ಪ್ರಯತ್ನವೂ ನಡುವೆ ನುಸುಳುತ್ತದೆ. ಪಿಎಕ್ಸ್‌ಇ ಎಂದರೆ ಅದೇ. ‘ಚೆಕ್ ಕೇಬಲ್’ ಎಂದು ಅದು ಹೇಳಿದ್ದು ನೆಟ್‌ವರ್ಕ್ ಕೇಬಲ್ಲನ್ನು ಕುರಿತು, ಹಾರ್ಡ್‌ಡಿಸ್ಕಿನದ್ದನ್ನಲ್ಲ. ಹಳೆಯ ಕೇಬಲ್ ಎಸೆದಿಲ್ಲದಿದ್ದರೆ ಇಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ಮತ್ತೆ ಇನ್‌ಸ್ಟಾಲ್ ಮಾಡಿದಾಗ ಸರಿಹೋಗುತ್ತಿದ್ದುದೇಕೆ? ಅದಕ್ಕೆ ಮೊದಲು ಬಯಾಸ್‌ನಲ್ಲಿ ಡಿಸ್ಕುಗಳ ಕ್ರಮ ಸರಿಮಾಡುತ್ತಿದ್ದಿರಲ್ಲ, ಕೆಲಸ ಮಾಡಿದ್ದು ಅದು. ಇನ್‌ಸ್ಟಾಲ್ ಬರಿಯ ದಂಡ.

ಬೇಕಾದದ್ದು ಸಿಆರ್2032 ಎಂಬ 3 ವೋಲ್ಟ್ ಬ್ಯಾಟರಿ. ಕೈಗಡಿಯಾರ ರಿಪೇರಿಯವರ ಬಳಿಯೂ ಸಿಗುತ್ತದೆ. ಪವರ್ ಕಾರ್ಡ್ ಕಿತ್ತು, ಪವರ್ ಬಟನ್ನನ್ನು ಸ್ವಲ್ಪ ಹೊತ್ತು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಕ್ಯಾಬಿನೆಟ್‌ನ ತಗಡನ್ನು ಬರಿಗೈಯಲ್ಲಿ ಮುಟ್ಟಿದ ಮೇಲೆಯೇ ಬೋರ್ಡಿಗೆ ಕೈ ಹಾಕಿ. ಬ್ಯಾಟರಿಯ ಪಕ್ಕದಲ್ಲಿ ಸಣ್ಣದೊಂದು ಲೋಹದ ನಾಲಿಗೆ ಇರುತ್ತದೆ. ಉಗುರಿನಿಂದ ಅದನ್ನು ಹೊರಕ್ಕೆ ತಳ್ಳಿದರೆ ಬಿಲ್ಲೆ ತಾನೇ ಎದ್ದು ನಿಲ್ಲುತ್ತದೆ. ಮೇಲಿನಿಂದ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ನಾಲಿಗೆ ಮುರಿದರೆ ಬೆಸುಗೆಯ ಕೆಲಸ. ಹೊಸದನ್ನು ಪ್ಲಸ್ (+) ಗುರುತಿನ ಬದಿ ಮೇಲೆ ಬರುವಂತೆ ಒಂದು ಅಂಚಿನಿಂದ ತೂರಿಸಿ ಒತ್ತಿ, ಟಿಕ್ ಎನ್ನುತ್ತದೆ.

ಆಮೇಲೆ ಬಯಾಸ್‌ಗೆ ಹೋಗಿ ತಾರೀಖು, ಸಮಯ ತುಂಬಿ. ಇದನ್ನು ಉಪೇಕ್ಷಿಸಬೇಡಿ. ಗಡಿಯಾರ ಹದಿನೈದು ವರ್ಷ ಹಿಂದಿದ್ದರೆ ಬ್ರೌಸರ್ ಒಂದೊಂದು ತಾಣಕ್ಕೂ ಪ್ರಮಾಣಪತ್ರ ಸರಿಯಿಲ್ಲ ಎಂದು ತಕರಾರು ತೆಗೆಯುತ್ತದೆ, ಅಪ್‌ಡೇಟ್ ಮಾಡಲು ಹೋದರೆ ‘ನಾಟ್ ವ್ಯಾಲಿಡ್ ಯೆಟ್’ ಎನ್ನುತ್ತದೆ. ಬೂಟ್ ಕ್ರಮದಲ್ಲಿ 500 ಜಿಬಿಯನ್ನು ಮೊದಲಿಗಿಡಿ, ನೆಟ್‌ವರ್ಕ್ ಬೂಟ್ ನಿಲ್ಲಿಸಿ. ಸಾಟಾ ಮೋಡ್ ಎಂಬಲ್ಲಿ ಐಡಿಇ ಇದೆಯೋ ಎಎಚ್‌ಸಿಐ ಇದೆಯೋ ನೋಡಿಕೊಳ್ಳಿ. ಅದು ಬದಲಾದರೆ ಲಿನಕ್ಸ್ ಸಾಮಾನ್ಯವಾಗಿ ಹೊಂದಿಕೊಂಡು ಹೋಗುತ್ತದೆ. ಎಕ್ಸ್‌ಪಿ, ವಿಂಡೋಸ್ 7 ಮಾತ್ರ ನೀಲಿ ಪರದೆ ತೋರಿಸಿ ಕೂರುತ್ತವೆ. ಎಲ್ಲ ಸರಿಯಾದ ಮೇಲೆ ಬಯಾಸ್‌ನ ಪುಟಗಳದ್ದೊಂದು ಫೋಟೋ ಮೊಬೈಲ್‌ನಲ್ಲಿರಲಿ.

ಪ್ರಶ್ನೆ: ಪೆನ್‌ಡ್ರೈವ್‌ನಿಂದ ಮಿಂಟ್ ಮೆನು ಬರುತ್ತದೆ, ಎಂಟರ್ ಒತ್ತಿದರೆ ಪರದೆ ಕಪ್ಪಾಗಿ ಹಾಗೇ ಉಳಿಯುತ್ತದೆ. ಮಗ ಆಟಕ್ಕೆಂದು ಹಾಕಿಸಿದ್ದ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದೆ. ‘ನುಡಿ’ಯಲ್ಲಿ ಬರೆದಿಟ್ಟ ನನ್ನ ಲೇಖನಗಳು ಲಿನಕ್ಸ್‌ನಲ್ಲಿ ತೆರೆಯುತ್ತವೆಯೇ?
– ನಿವೃತ್ತ ಶಿಕ್ಷಕಿ, ಸರಸ್ವತೀಪುರಂ, ಮೈಸೂರು

ಮೇಡಂ, ಮೆನು ಕಂಡಿತೆಂದರೆ ಬಯಾಸ್, ಬೂಟ್‌ಲೋಡರ್ ಎರಡೂ ತಮ್ಮ ಕೆಲಸ ಮುಗಿಸಿವೆ. ಕರ್ನಲ್ ಮತ್ತು ಆ ಕಾರ್ಡಿನ ನಡುವೆ ಒಪ್ಪಂದವಾಗುತ್ತಿಲ್ಲ. ಅದೇ ಮೆನುವಿನಲ್ಲಿ ಕೆಳಗೆ ‘ಕಂಪ್ಯಾಟಿಬಿಲಿಟಿ ಮೋಡ್’ ಎಂಬ ಸಾಲಿದೆ, ಅದರಿಂದ ಹೋಗಿ. ಇನ್‌ಸ್ಟಾಲ್ ಆದ ಮೇಲೂ ಕಪ್ಪಾದರೆ, ಆನ್ ಮಾಡಿ ಶಿಫ್ಟ್ ಒತ್ತಿಹಿಡಿಯಿರಿ, ಗ್ರಬ್ ಮೆನು ಬರುತ್ತದೆ. ‘ಇ’ ಅಕ್ಷರ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಉದ್ದ ಸಾಲನ್ನು ಹುಡುಕಿ, ‘ಕ್ವಯಟ್ ಸ್ಪ್ಲ್ಯಾಶ್’ ಆದ ಮೇಲೆ ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂದು ಒಂದೇ ಪದವಾಗಿ ಸೇರಿಸಿ ಎಫ್10 ಒತ್ತಿ. ಚಿತ್ರದ ಗಾತ್ರ ನಿಗದಿ ಮಾಡುವ ಉಸಾಬರಿಗೆ ಹೋಗಬೇಡ ಎಂದು ಕರ್ನಲ್‌ಗೆ ಹೇಳಿದಂತೆ. ಇದು ಆ ಒಂದು ಸಲಕ್ಕೆ ಮಾತ್ರ.

ನನ್ನನ್ನು ಕೇಳಿದರೆ, ಮಗ ಆಟ ಬಿಟ್ಟಿದ್ದರೆ ಆ ಕಾರ್ಡನ್ನೇ ಕಳಚಿಡಿ. ಬೋರ್ಡಿನಲ್ಲೇ ಮಾನಿಟರ್ ಕಿಂಡಿ ಇದ್ದರೆ ಅದು ಬರವಣಿಗೆಗೆ ಸಾಕು, ಶಾಖವೂ ಸದ್ದೂ ಕಡಿಮೆ.

ನುಡಿಯ ಹಳೆಯ ಕಡತಗಳು ಅದರದೇ ಫಾಂಟಿಗೆ ಕಟ್ಟುಬಿದ್ದಿದ್ದರೆ ಲಿಬ್ರೆಆಫೀಸ್‌ನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ. ಇನ್ನು ಟೈಪಿಂಗ್: ಕೀಲಿಮಣೆಯ ಪಟ್ಟಿಯಲ್ಲಿ ‘ಕನ್ನಡ ಕಗಪ’ ವಿನ್ಯಾಸವಿದೆ, ನಿಮ್ಮ ಬೆರಳುಗಳಿಗೆ ಹೊಸತೆನಿಸದು.

ಪ್ರಶ್ನೆ: ಡಿಸ್ಕ್‌ನಲ್ಲಿ ಜಾಗವಾಗಲೆಂದು ವಿಂಡೋಸ್‌ನಿಂದ ಒಂದು ಖಾಲಿ ಪಾರ್ಟಿಷನ್ ಅಳಿಸಿದೆ. ಈಗ ‘ನೋ ಸಚ್ ಪಾರ್ಟಿಷನ್’, ಕೆಳಗೆ ‘ಗ್ರಬ್ ರೆಸ್ಕ್ಯೂ’ ಎಂದು ಬಂದು ವಿಂಡೋಸ್, ಲಿನಕ್ಸ್ ಎರಡೂ ಹೋದವು.
– ಓದುಗರು, ಶ್ರೀರಂಗಪಟ್ಟಣ

ಅಳಿಸಿದ್ದು ನಿಜಕ್ಕೂ ಖಾಲಿಯದ್ದೇ ಆಗಿದ್ದರೆ ಯಾವುದೂ ಹೋಗಿಲ್ಲ. ಗ್ರಬ್‌ನ ಚಿಕ್ಕ ತುಣುಕೊಂದು ಡಿಸ್ಕಿನ ಆರಂಭದಲ್ಲಿರುತ್ತದೆ, ಉಳಿದ ಸಂಸಾರ ಲಿನಕ್ಸ್ ಪಾರ್ಟಿಷನ್ನಿನಲ್ಲಿ. ನಡುವಿನದೊಂದನ್ನು ಅಳಿಸಿದಾಗ ಅದರ ನಂತರದವುಗಳ ಸಂಖ್ಯೆ ಬದಲಾಗಿ, 6 ಇದ್ದದ್ದು 5 ಆಗಬಹುದು. ಚಿಕ್ಕ ತುಣುಕು ಹಳೆಯ ವಿಳಾಸದಲ್ಲೇ ಬಾಗಿಲು ತಟ್ಟುತ್ತಿದೆ. ಮಿಂಟ್ ಪೆನ್‌ಡ್ರೈವ್‌ನಿಂದ ಎದ್ದು, ಮೆನುವಿನ ಅಡ್ಮಿನಿಸ್ಟ್ರೇಷನ್‌ನಲ್ಲಿರುವ ‘ಬೂಟ್ ರಿಪೇರ್’ ತೆರೆದು, ಅದು ಸೂಚಿಸುವ ರಿಪೇರಿಗೆ ಒಪ್ಪಿಗೆ ಕೊಡಿ. ನೆಟ್ ಇದ್ದರೆ ಒಳ್ಳೆಯದು. ಮೊಬೈಲನ್ನು ಯುಎಸ್‌ಬಿಯಲ್ಲಿ ಜೋಡಿಸಿದರೂ ನಡೆಯುತ್ತದೆ.

ಪೆನ್‌ಡ್ರೈವ್ ತೆಗೆದರೆ ಲಿನಕ್ಸ್ ಏಳುವುದಿಲ್ಲ ಎಂದು ಬರೆದ ಇತರ ಓದುಗರಿಗೂ ಇದೇ ಮದ್ದು. ಇನ್‌ಸ್ಟಾಲ್ ಮಾಡುವಾಗ ಬೂಟ್‌ಲೋಡರ್ ಯಾವ ಡಿಸ್ಕಿಗೆ ಎಂದು ಕೇಳುವ ಸಾಲನ್ನು ಓದದೆ ಮುಂದೆ ಹೋದರೆ ಗ್ರಬ್ ಪೆನ್‌ಡ್ರೈವ್‌ನಲ್ಲೇ ಬೀಡುಬಿಡುವುದುಂಟು.

ಪ್ರಶ್ನೆ: ಆಲೆಮನೆಯ ಲೆಕ್ಕ ಬರೆಯುವ ಕಂಪ್ಯೂಟರ್. ಬೂಟ್ ಆಗುವಾಗ ‘ಫೇಲ್ಡ್ ಕಮಾಂಡ್’, ‘ಬಫರ್ ಐ/ಒ ಎರರ್’ ಎಂಬ ಸಾಲುಗಳು ಓಡುತ್ತವೆ. ಕೆಲವು ಸಲ ಏಳುತ್ತದೆ, ಕೆಲವು ಸಲ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಎಂದು ನಿಲ್ಲುತ್ತದೆ. ಎಫ್‌ಎಸ್‌ಸಿಕೆ ಓಡಿಸಿ ಎಂದರು ಗೆಳೆಯರೊಬ್ಬರು.
– ಓದುಗರು, ಮಂಡ್ಯ ತಾಲ್ಲೂಕು

ತಡೆಯಿರಿ, ಎಫ್‌ಎಸ್‌ಸಿಕೆ ಈಗಲೇ ಬೇಡ. ಪಾರ್ಟಿಷನ್ನಿನ ಲೆಕ್ಕ ತಪ್ಪಿದ್ದರೆ ಅದು ಸರಿಮಾಡುತ್ತದೆ. ಡಿಸ್ಕೇ ಸಾಯುತ್ತಿದ್ದರೆ ಅದರ ಮೇಲೆ ಬರೆದು ಬರೆದು ಉಳಿದದ್ದನ್ನೂ ಕೆಡಿಸೀತು. ಪೆನ್‌ಡ್ರೈವ್ ಮಿಂಟ್‌ನಿಂದ ಎದ್ದು ಮೊದಲು ಲೆಕ್ಕದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ. ಆಮೇಲೆ ‘ಡಿಸ್ಕ್ಸ್’ ತಂತ್ರಾಂಶದಲ್ಲಿ ಸ್ಮಾರ್ಟ್ ಡೇಟಾ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಪಟ್ಟಿ) ತೆರೆಯಿರಿ. 5 ಮತ್ತು 197ನೇ ಸಾಲುಗಳಲ್ಲಿ ಸೊನ್ನೆಗಿಂತ ಹೆಚ್ಚಿದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕಿನ ಮೇಲ್ಮೈಯೇ ಹಾಳಾಗುತ್ತಿದೆ, ಹೊಸದು ತನ್ನಿ. ಅವೆರಡೂ ಸೊನ್ನೆ ಇದ್ದು 199ನೆಯದು ಮಾತ್ರ ಏರುತ್ತಿದ್ದರೆ ಬಹುಮಟ್ಟಿಗೆ ಕೇಬಲ್ಲಿನ ದೋಷ. ಆಲೆಮನೆ ಪಕ್ಕದ ಯಂತ್ರವೊಂದನ್ನು ನಾನು ಬಿಚ್ಚಿ ನೋಡಿದ್ದೇನೆ: ಒಲೆಯ ಮಸಿ ಮತ್ತು ಬೆಲ್ಲದ ಹಬೆ ಸೇರಿ ಫ್ಯಾನಿನ ರೆಕ್ಕೆಗೆ ಕಪ್ಪು ಅಂಟು ಮೆತ್ತಿಕೊಂಡಿತ್ತು, ಕೇಬಲ್ಲಿನ ತುದಿಯಲ್ಲೂ ಅದೇ. ಕೇಬಲ್ ಬದಲಿಸಿ, ಬೋರ್ಡಿನ ಬೇರೊಂದು ಸಾಟಾ ಕಿಂಡಿಗೆ ಹಾಕಿ ನೋಡಿ. 199ನೇ ಅಂಕಿ ಹಳೆಯದರಲ್ಲೇ ನಿಂತು ಬೂಟ್ ಸಾಲುಗಳು ಮಾಯವಾದರೆ ಆಗ ಎಫ್‌ಎಸ್‌ಸಿಕೆ ಓಡಿಸಿ, ಅದೂ ಪೆನ್‌ಡ್ರೈವ್‌ನಿಂದ ಎದ್ದಾಗಲೇ, ಪಾರ್ಟಿಷನ್ ಮೌಂಟ್ ಆಗಿರದಂತೆ (ತೆರೆದು ಬಳಕೆಯಲ್ಲಿರದಂತೆ) ನೋಡಿಕೊಂಡು. ಮತ್ತೆ ಕ್ಯಾಬಿನೆಟ್ಟನ್ನು ಒಲೆಯ ಕಡೆಯ ಗೋಡೆಯಿಂದ ಆಚೆಗೆ ಸರಿಸಿ.